ಶಾಲೆಯ ಹಣ: ಕೌನ್ಸಿಲ್ ಕೈಯಲ್ಲಿ ನಿಜಕ್ಕೂ ಏನಿದೆ?

ಕಿಟಕಿಯ ಪಕ್ಕ (ಚರ್ಚೆ ಆರಂಭಿಸಿದವರು)

ಮೊನ್ನೆ ಮೊದಲ ಬಾರಿಗೆ ನಮ್ಮ ನಗರದ ಕೌನ್ಸಿಲ್ ಸಭೆಗೆ ಹೋಗಿದ್ದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಧ್ಯಮ ಗಾತ್ರದ ಒಂದು ನಗರ, ಹೆಸರು ಬೇಡ. ಮಗಳ ಶಾಲೆಯ ಗ್ರಂಥಪಾಲಕಿಯ ಹುದ್ದೆಯನ್ನು ಬರುವ ವರ್ಷದ ಬಜೆಟ್‌ನಿಂದ ತೆಗೆದುಹಾಕಿದ್ದಾರೆ. ಎರಡು ಗಂಟೆ ಕಾದು ಎರಡು ನಿಮಿಷ ಮಾತನಾಡಿದೆ. ಬರೆದುಕೊಂಡು ಹೋಗಿದ್ದ ಹಾಳೆ ಕೈಯಲ್ಲಿ ನಡುಗುತ್ತಿತ್ತು. ಒಂಬತ್ತೂ ಸದಸ್ಯರು ತಲೆಯಾಡಿಸಿದರು, ಒಬ್ಬರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕೊನೆಗೆ ಅಧ್ಯಕ್ಷರು, ಆ ಹುದ್ದೆಯನ್ನು ಉಳಿಸುವ ಅಧಿಕಾರ ತಮಗಿಲ್ಲ ಎಂದರು. ಅಷ್ಟು ಹೇಳಿ ಇಡೀ ಶಾಲಾ ಬಜೆಟ್ಟನ್ನು ಒಂದೇ ಮತದಲ್ಲಿ ಮುಗಿಸಿ ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಪಾರ್ಕಿಂಗ್ ಮೀಟರುಗಳದ್ದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಕೋಟಿಗಟ್ಟಲೆ ಡಾಲರ್ ಮಂಜೂರು ಮಾಡಬಲ್ಲವರಿಗೆ ಒಂದು ಹುದ್ದೆ ಉಳಿಸಲು ಆಗುವುದಿಲ್ಲವೆಂದರೆ ನಂಬುವುದು ಹೇಗೆ? ಇದು ಜಾರಿಕೊಳ್ಳುವ ಮಾತೋ ಅಥವಾ ನಿಯಮವೇ ಹಾಗಿದೆಯೋ? ತಿಳಿದವರು ಹೇಳಿ.

ಲೆಕ್ಕದ ಗುಮಾಸ್ತ

ಅವರು ಸುಳ್ಳು ಹೇಳಲಿಲ್ಲ. ಇದೇ ರಾಜ್ಯದ ಒಂದು ಊರಿನ ಹಣಕಾಸು ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ, ನಿಮ್ಮ ಅಧ್ಯಕ್ಷರು ಕಾನೂನಿನ ಅಕ್ಷರವನ್ನೇ ಹೇಳಿದರು. ಹೇಳಿದ ಸಮಯ ಮಾತ್ರ ಕ್ರೂರವಾಗಿತ್ತು.

ಮ್ಯಾಸಚೂಸೆಟ್ಸ್ ಕಾನೂನು ಸಂಹಿತೆಯ 71ನೇ ಅಧ್ಯಾಯದ 34ನೇ ಕಲಮನ್ನು ಒಮ್ಮೆ ಓದಿ, ಚಿಕ್ಕದಾಗಿದೆ. ಕೌನ್ಸಿಲ್ ಮತ ಹಾಕುವುದು ಶಾಲೆಗಳಿಗೆ ಕೊಡುವ ಒಟ್ಟು ಮೊತ್ತಕ್ಕೆ ಮಾತ್ರ. ಆ ಇಡಿಗಂಟಿನೊಳಗೆ ಯಾವ ಬಾಬ್ತಿಗೆ ಎಷ್ಟು ಎನ್ನುವುದು ಚುನಾಯಿತ ಶಾಲಾ ಸಮಿತಿಯ ಅಧಿಕಾರ, ಅದನ್ನು ಕೌನ್ಸಿಲ್ ಮೊಟಕುಗೊಳಿಸುವಂತಿಲ್ಲ. ಇಂಥ ಬಾಬ್ತನ್ನು ಹೆಚ್ಚಿಸಿ ಅಥವಾ ತಗ್ಗಿಸಿ ಎಂದು ಸಲಹೆ ಕೊಡಬಹುದು, ಆದರೆ ಶಾಲಾ ಸಮಿತಿ ಅದನ್ನು ಪಾಲಿಸಲೇಬೇಕೆಂದಿಲ್ಲ. ಪೊಲೀಸ್, ರಸ್ತೆ, ಉದ್ಯಾನ ಇಲಾಖೆಗಳ ಬಜೆಟ್‌ನಲ್ಲಿ ಸಂಬಳಕ್ಕೊಂದು ಸಾಲು, ಖರ್ಚಿಗೊಂದು ಸಾಲು ಎಂದು ಹಿಡಿದು ಕೌನ್ಸಿಲ್ ಕತ್ತರಿ ಆಡಿಸಬಹುದು. ಶಾಲೆಯ ಬಜೆಟ್ ಅವರ ಮುಂದೆ ಬರುವುದು ಒಂದೇ ಒಂದು ಅಂಕಿಯಾಗಿ.

ಇನ್ನೂ ಒಂದು ಮಾತಿದೆ. ಮೇಯರ್ ಆಡಳಿತವಿರುವ ನಗರಗಳಲ್ಲಿ ಬಜೆಟ್ಟನ್ನು ಕೌನ್ಸಿಲ್ ಕಡಿಮೆ ಮಾಡಬಹುದೇ ಹೊರತು ತಾನಾಗಿ ಹೆಚ್ಚಿಸುವಂತಿಲ್ಲ. ಇದಕ್ಕೆ ಅಪವಾದವಿರುವುದು ಶಾಲೆಗೆ: ಶಾಲಾ ಸಮಿತಿ ಶಿಫಾರಸು ಮಾಡಿದರೆ, ಕೌನ್ಸಿಲ್ ಮೂರನೇ ಎರಡರಷ್ಟು ಬಹುಮತದಿಂದ ಶಾಲೆಗಳ ಒಟ್ಟು ಮೊತ್ತವನ್ನು ಮೇಯರ್ ಕೇಳಿದ್ದಕ್ಕಿಂತ ಮೇಲಕ್ಕೆ ಏರಿಸಬಹುದು. ನಿಮ್ಮ ಒಂಬತ್ತರಲ್ಲಿ ಆರು ಮತ ಬೇಕಾಗುತ್ತಿತ್ತು. ಆ ಹಣ ಎಲ್ಲಿಂದ ಬರಬೇಕು ಎಂಬುದು ಬೇರೆಯೇ ಕಥೆ. ಏರಿಸಿದರೂ ಅದು ಗ್ರಂಥಪಾಲಕಿಗೇ ಹೋಗುತ್ತದೆ ಎಂಬ ಖಾತರಿಯಿಲ್ಲ. ಬಸ್ಸಿಗೂ ಹೋಗಬಹುದು.

ಕಿಟಕಿಯ ಪಕ್ಕ

ಅಂದರೆ ನಾನು ತಪ್ಪು ಬಾಗಿಲು ತಟ್ಟಿದೆ.

ಲೆಕ್ಕದ ಗುಮಾಸ್ತ

ಬಾಗಿಲೂ ತಪ್ಪು, ತಿಂಗಳೂ ತಪ್ಪು. ಇಲ್ಲಿ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಮೇಯರ್ ಬಜೆಟ್ ಮಂಡಿಸಿದ ದಿನದಿಂದ ಕೌನ್ಸಿಲ್‌ಗೆ ಸಿಗುವುದು 45 ದಿನ. ಅಷ್ಟರೊಳಗೆ ಏನೂ ಮಾಡದೆ ಕುಳಿತರೆ ಮೇಯರ್ ಕೇಳಿದ ಮೊತ್ತವೇ ತಾನಾಗಿ ಮಂಜೂರಾಗುತ್ತದೆ. ಹೀಗಾಗಿ ಜೂನ್ ಸಭೆ ನಾಟಕದ ಕೊನೆಯ ಅಂಕ. ಗ್ರಂಥಪಾಲಕಿಯ ಹೆಸರು ಅಳಿಸಿದ್ದು ಬಹುಶಃ ಫೆಬ್ರವರಿಯಲ್ಲಿ, ಊರಿನ ಶಾಲೆಗಳ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟ್ ಕಚೇರಿಯ ಒಂದು ಕರಡಿನಲ್ಲಿ. ಆಮೇಲೆ ಶಾಲಾ ಸಮಿತಿ ಬಹಿರಂಗ ವಿಚಾರಣೆ ನಡೆಸಲೇಬೇಕು. ಏಳು ದಿನ ಮುಂಚೆ ಪ್ರಕಟಣೆ, 48 ಗಂಟೆ ಮುಂಚೆ ಬಜೆಟ್ ಪ್ರತಿ ಜನರ ಕೈಗೆ. ನಾನು ನೋಡಿದ ವಿಚಾರಣೆಗಳಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಮಾತ್ರ ಜೂನ್‌ನಲ್ಲಿ ಸಭಾಂಗಣ ತುಂಬುತ್ತದೆ.

ತೆರಿಗೆ ಕಟ್ಟುವವನು

ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ನಮ್ಮ ಊರಿನಲ್ಲಿ ನಗರ ಖರ್ಚಿನ ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಬಜೆಟ್ ಮಾತ್ರ ಏರುತ್ತಿದೆ. ಇದಕ್ಕೆ ಸಮಾಧಾನ ಏನು? ಒಬ್ಬ ಗ್ರಂಥಪಾಲಕಿಯ ಬಗ್ಗೆ ಕಣ್ಣೀರು ಹಾಕುವವರು ಈ ಲೆಕ್ಕಕ್ಕೂ ಉತ್ತರ ಕೊಡಬೇಕು. ನನ್ನ ಮಕ್ಕಳು ಓದು ಮುಗಿಸಿ ಹತ್ತು ವರ್ಷವಾಯಿತು, ತೆರಿಗೆ ಚೀಟಿ ಇನ್ನೂ ಬರುತ್ತಲೇ ಇದೆ.

ಲೆಕ್ಕದ ಗುಮಾಸ್ತ

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎರಡು ತುಂಡಾಗಿದೆ.

ಮೊದಲನೆಯದು ಭಾಗಾಕಾರ. ಶಾಲಾ ಜಿಲ್ಲೆಯಲ್ಲಿ (ಒಂದೇ ಆಡಳಿತದ ಕೆಳಗಿನ ಶಾಲೆಗಳೆಲ್ಲ ಸೇರಿ ಒಂದು ಜಿಲ್ಲೆ) 39 ಮಕ್ಕಳು ಕಡಿಮೆಯಾದರು ಎಂದುಕೊಳ್ಳಿ. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ತರಗತಿವರೆಗೆ ಹದಿಮೂರು ಹಂತ, ಅಂದರೆ ಹಂತಕ್ಕೆ ಮೂವರು. ಆ ಮೂವರೂ ಬೇರೆ ಬೇರೆ ಕಟ್ಟಡಗಳಲ್ಲಿ ಹಂಚಿಹೋಗಿರುತ್ತಾರೆ. 22 ಮಕ್ಕಳಿದ್ದ ಕೋಣೆಯಲ್ಲಿ 21 ಆಗುತ್ತದೆ. ಶಿಕ್ಷಕರು ಅಷ್ಟೇ, ಬಾಯ್ಲರ್ ಅಷ್ಟೇ, ಬಸ್ಸಿನ ದಾರಿ ಅಷ್ಟೇ. ಉಳಿತಾಯ ನಿಜವಾಗಿ ಆಗುವುದು ಒಂದು ಶಾಲೆಯನ್ನೇ ಮುಚ್ಚಿದಾಗ. ಆ ಮಾತು ಎತ್ತಿದ ಸದಸ್ಯರು ಮುಂದಿನ ಚುನಾವಣೆಯಲ್ಲಿ ಏನಾಗುತ್ತಾರೆ ಎಂದು ನಿಮಗೂ ಗೊತ್ತು.

ಎರಡನೆಯದು 1980. ಆ ವರ್ಷದ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ಮತದಾರರು ಒಂದು ಪ್ರಸ್ತಾಪವನ್ನು ಗೆಲ್ಲಿಸಿದರು. ಅದನ್ನು ಎಲ್ಲರೂ ‘ಎರಡೂವರೆ’ ಎಂದೇ ಕರೆಯುತ್ತಾರೆ. ಊರು ಎತ್ತುವ ಒಟ್ಟು ಆಸ್ತಿ ತೆರಿಗೆ ಅಲ್ಲಿನ ಆಸ್ತಿಗಳ ಒಟ್ಟು ಮೌಲ್ಯದ ಶೇ 2.5ನ್ನು ದಾಟಬಾರದು. ವರ್ಷದಿಂದ ವರ್ಷಕ್ಕೆ ತೆರಿಗೆ ಮಿತಿ ಶೇ 2.5ಕ್ಕಿಂತ ಹೆಚ್ಚು ಬೆಳೆಯಬಾರದು, ಹೊಸ ಕಟ್ಟಡಗಳಿಂದ ಬರುವುದು ಪ್ರತ್ಯೇಕ. ಅದಕ್ಕೂ ಮುಂಚೆ ಶಾಲಾ ಸಮಿತಿ ಇಂತಿಷ್ಟು ಬೇಕು ಎಂದರೆ ಊರು ಕೊಡಲೇಬೇಕಿತ್ತು. ಆ ಸ್ವಾಯತ್ತೆಯೂ ಅದೇ ಮತದಲ್ಲಿ ಹೋಯಿತು. ಈಗ ಸಮಿತಿ ಕೇಳುತ್ತದೆ, ಕೌನ್ಸಿಲ್ ಕೊಡುತ್ತದೆ ಅಥವಾ ಕೊಡುವುದಿಲ್ಲ.

ಲೆಕ್ಕಕ್ಕೆಂದು ಸುಲಭ ಅಂಕಿ ಹಿಡಿಯೋಣ. ಊರಿನ ವರಮಾನ 100, ಅದರಲ್ಲಿ ಶಾಲೆಗೆ 50, ಆ 50ರಲ್ಲಿ ಸಂಬಳ 40. ವರಮಾನ ಎರಡೂವರೆ ಬೆಳೆಯಿತು, ಶಾಲೆಯ ಪಾಲಿಗೆ ಒಂದೂಕಾಲು ಬಂತು. ಸಂಬಳ ಒಪ್ಪಂದದ ಪ್ರಕಾರ ಶೇ 4 ಏರಿತು, ಅದು 1.6. ಒಬ್ಬ ಹೊಸ ಶಿಕ್ಷಕರನ್ನೂ ಸೇರಿಸಿಕೊಳ್ಳದೆ, ಒಂದು ಹೊಸ ಪುಸ್ತಕವನ್ನೂ ಕೊಳ್ಳದೆ, ಆಗಲೇ 0.35 ಕೊರತೆ. ಆರೋಗ್ಯ ವಿಮೆ, ವಿಶೇಷ ಶಿಕ್ಷಣ, ಬಸ್ಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆಯ ಅಳತೆ ಕಾನೂನಿನಲ್ಲಿ ನಿಂತುಬಿಟ್ಟಿದೆ, ಕಾಲು ಬೆಳೆಯುತ್ತಲೇ ಇದೆ.

ತೆರಿಗೆ ಕಟ್ಟುವವನು

ಸಂಬಳ ಶೇ 4 ಏರಲೇಬೇಕು ಎಂದು ಬರೆದವರು ಯಾರು? ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಶಾಲಾ ಸಮಿತಿ. ಸಹಿ ಹಾಕುವಾಗ ಎರಡೂವರೆಯ ಮಿತಿ ಗೊತ್ತಿರಲಿಲ್ಲವೇ? ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ: ಒಪ್ಪಂದ ಅವರದ್ದು, ತೆರಿಗೆ ನಮ್ಮದು.

ಲೆಕ್ಕದ ಗುಮಾಸ್ತ

ಇದು ನೀವು ಹಾಕಿದ ಒಳ್ಳೆಯ ಏಟು, ಒಪ್ಪುತ್ತೇನೆ. ಶಿಕ್ಷಕರ ಜೊತೆಗಿನ ಮಾತುಕತೆಯಲ್ಲಿ ಮೇಯರಿಗೂ ಒಂದು ಮತವಿರುತ್ತದೆ, ಹಾಗಾಗಿ ನಗರದ ಕಡೆಯವರಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಆದರೆ ಪಕ್ಕದ ಊರು ಹೆಚ್ಚು ಕೊಟ್ಟರೆ ನಿಮ್ಮ ಗಣಿತದ ಶಿಕ್ಷಕರು ಅಲ್ಲಿಗೆ ಹೋಗುತ್ತಾರೆ. ಎಲ್ಲ ಊರುಗಳೂ ಒಂದೇ ಸಂತೆಯಲ್ಲಿ ಕೊಳ್ಳುತ್ತಿವೆ.

ಬಾಡಿಗೆ ಮನೆ

ನಾನು ಇಲ್ಲಿಗೆ ಬಂದು ಎರಡು ವರ್ಷ. ಸ್ವಂತ ಮನೆಯಿಲ್ಲ, ಆಸ್ತಿ ತೆರಿಗೆ ಕಟ್ಟುವುದಿಲ್ಲ. ಸಭೆಯಲ್ಲಿ ಮಾತನಾಡಲು ನನಗೆ ಹಕ್ಕಿದೆಯೇ ಎಂಬ ಸಂಕೋಚ. ಇನ್ನೊಂದು: ಶಾಲೆಗೆ ಹಣ ಕೊಡುವುದು ರಾಜ್ಯವಲ್ಲವೇ? ನಗರದ ತಲೆಗೆ ಯಾಕೆ ಕಟ್ಟಿದರು?

ಕಿಟಕಿಯ ಪಕ್ಕ

ನೀವು ಕಟ್ಟುವ ಬಾಡಿಗೆಯೊಳಗೆ ಮಾಲೀಕರ ತೆರಿಗೆ ಅಡಗಿಕೊಂಡಿದೆ. ಸಂಕೋಚ ಬಿಡಿ. ನನ್ನ ಮುಂದಿನ ಸಾಲಿನಲ್ಲಿ ಮಾತನಾಡಿದವರೂ ಬಾಡಿಗೆದಾರರೇ, ಯಾರೂ ಆಕ್ಷೇಪಿಸಲಿಲ್ಲ.

ನಿವೃತ್ತ ಮೇಷ್ಟ್ರು

ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದೇನೆ. ‘ನಗರದ ತಲೆಗೆ ಯಾಕೆ ಕಟ್ಟಿದರು’ ಎಂಬ ಪ್ರಶ್ನೆಯ ಬೇರು ಹುಡುಕಿಕೊಂಡು ಹೋದರೆ 1647ಕ್ಕೆ ಹೋಗಿ ನಿಲ್ಲುತ್ತದೆ. ಮ್ಯಾಸಚೂಸೆಟ್ಸ್ ಆಗ ಬ್ರಿಟಿಷ್ ವಸಾಹತು. ಐವತ್ತು ಮನೆಗಳಿರುವ ಊರು ಓದುಬರಹ ಕಲಿಸುವ ಒಬ್ಬನನ್ನು ನೇಮಿಸಬೇಕು, ನೂರು ಮನೆಗಳಾದರೆ ಗ್ರಾಮರ್ ಶಾಲೆ ತೆರೆಯಬೇಕು ಎಂದು ಕಾನೂನು ಮಾಡಿದರು. ಜನ ಬೈಬಲ್ ಓದಲು ಬಾರದೆ ಸೈತಾನನ ಮೋಸಕ್ಕೆ ಬೀಳಬಾರದು ಎಂಬುದು ಅವರು ಕೊಟ್ಟ ಕಾರಣ. ಕಾರಣ ಏನಾದರೂ ಇರಲಿ, ಶಾಲೆ ಊರಿನ ಹೊಣೆ ಎಂಬ ಕಲ್ಪನೆ ಅಲ್ಲಿಂದ ಬಂತು. ರಾಜ್ಯ, ದೇಶ ಎಲ್ಲವೂ ಆಮೇಲೆ ಹುಟ್ಟಿದವು.

ಊರಿನ ಹೊಣೆ ಎಂದರೆ ಊರಿನ ಶಕ್ತಿಯಷ್ಟೇ ಶಾಲೆ ಎಂದಾಗುತ್ತದೆ. ದೊಡ್ಡ ಬಂಗಲೆಗಳಿರುವ ಊರು ಕಡಿಮೆ ದರದ ತೆರಿಗೆಯಲ್ಲೇ ಭರ್ಜರಿ ಶಾಲೆ ಕಟ್ಟುತ್ತದೆ. ಗಿರಣಿ ಮುಚ್ಚಿದ ಊರು ಎರಡರಷ್ಟು ದರ ಹಾಕಿದರೂ ಅರ್ಧ ಹಣ ಸಿಗುವುದಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಭಾಗದ ಬಡ ಪಾಲಕರು ಇದು ಅನ್ಯಾಯ ಎಂದು ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1973ರಲ್ಲಿ ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು ತೀರ್ಪಾಯಿತು. ಒಂದೇ ಒಂದು ಮತದ ಅಂತರ! ಅಂದಿನಿಂದ ಈ ಜಗಳ ರಾಜ್ಯ ರಾಜ್ಯಗಳ ಕೋರ್ಟುಗಳಿಗೆ ಹಂಚಿಹೋಯಿತು.

ಲೆಕ್ಕದ ಗುಮಾಸ್ತ

ಮೇಷ್ಟ್ರಿಗೆ ನಮಸ್ಕಾರ. ನಮ್ಮ ರಾಜ್ಯದ ಅಧ್ಯಾಯವನ್ನು ನಾನು ಸೇರಿಸುತ್ತೇನೆ. 1780ರ ಮ್ಯಾಸಚೂಸೆಟ್ಸ್ ಸಂವಿಧಾನದಲ್ಲಿ ವಿದ್ಯೆಯನ್ನು ಪ್ರೀತಿಯಿಂದ ಪೋಷಿಸುವುದು ಆಳುವವರ ಕರ್ತವ್ಯ ಎಂಬ ಮಾತಿದೆ. ಇನ್ನೂರು ವರ್ಷ ಅದನ್ನು ಅಲಂಕಾರದ ಮಾತು ಎಂದೇ ಜನ ಓದಿದರು. 1993ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಅದು ಅಲಂಕಾರವಲ್ಲ, ಜಾರಿ ಮಾಡಬೇಕಾದ ಹೊಣೆ ಎಂದಿತು. ಮೂರೇ ದಿನದಲ್ಲಿ ಶಿಕ್ಷಣ ಸುಧಾರಣಾ ಕಾಯ್ದೆಗೆ ಸಹಿ ಬಿತ್ತು.

ಆ ಕಾಯ್ದೆಯ ಸೂತ್ರ ಇಂದಿಗೂ ನಡೆಯುತ್ತಿದೆ. ಜಿಲ್ಲೆಯ ಮಕ್ಕಳ ಸಂಖ್ಯೆ, ಅವರಲ್ಲಿ ಬಡವರೆಷ್ಟು, ಇಂಗ್ಲಿಷ್ ಕಲಿಯುತ್ತಿರುವವರೆಷ್ಟು ಎಂದೆಲ್ಲ ನೋಡಿ ರಾಜ್ಯವು ಪ್ರತಿ ಜಿಲ್ಲೆಗೂ ಒಂದು ತಳಹದಿ ಬಜೆಟ್, ಅಂದರೆ ಕನಿಷ್ಠ ಬೇಕಾದ ಖರ್ಚಿನ ಲೆಕ್ಕ, ಕಟ್ಟುತ್ತದೆ. ಆಮೇಲೆ ಊರಿನ ಆಸ್ತಿ ಮೌಲ್ಯ ಮತ್ತು ನಿವಾಸಿಗಳ ವರಮಾನ ಎರಡನ್ನೂ ತೂಗಿ, ಇದರಲ್ಲಿ ನಿಮ್ಮ ಪಾಲು ಇಷ್ಟು ಎಂದು ಹೇಳುತ್ತದೆ. ಎಷ್ಟೇ ಶ್ರೀಮಂತ ಊರಾದರೂ ಆ ಪಾಲಿನ ಗುರಿ ಶೇ 82.5ಕ್ಕೆ ನಿಲ್ಲುತ್ತದೆ. ಉಳಿದದ್ದು ರಾಜ್ಯದ ನೆರವು. ಸೂತ್ರಕ್ಕೆ ವಯಸ್ಸಾಯಿತು ಎಂದು 2019ರಲ್ಲಿ ಅದನ್ನು ಪರಿಷ್ಕರಿಸಿ ಬಡ ಮಕ್ಕಳ ತೂಕ ಹೆಚ್ಚಿಸಿದರು.

ಇದರಿಂದ ಕೌನ್ಸಿಲ್‌ಗೆ ಏನಾಯಿತು? ಕೆಳಗಡೆ ರಾಜ್ಯ ಹಾಕಿದ ನೆಲ: ಇದಕ್ಕಿಂತ ಕಡಿಮೆ ಕೊಡುವಂತಿಲ್ಲ. ಮೇಲ್ಗಡೆ ಎರಡೂವರೆಯ ಚಾವಣಿ. ಈ ನೆಲಕ್ಕೂ ಚಾವಣಿಗೂ ನಡುವೆ ಇರುವ ಜಾಗದಲ್ಲಿ ಮಾತ್ರ ಕೌನ್ಸಿಲ್ ನಿಂತು ಮತ ಹಾಕುವುದು. ಕೆಲವು ಬಡ ನಗರಗಳಲ್ಲಿ ಆ ಜಾಗದಲ್ಲಿ ಬಗ್ಗಿಯೇ ನಿಲ್ಲಬೇಕು.

ಅಂದಹಾಗೆ, ರಾಜ್ಯದ ನೆರವು ಎಷ್ಟು, ಕಡಿತ ಎಷ್ಟು ಎಂದು ಊರಿಗೆ ತಿಳಿಸುವ ಪಟ್ಟಿಗೆ ಇಲ್ಲಿ ‘ಚೆರಿ ಶೀಟ್’ ಎನ್ನುತ್ತಾರೆ. ಹಿಂದೆ ಚೆರಿ ಹಣ್ಣಿನ ಬಣ್ಣದ ಕಾಗದದಲ್ಲಿ ಅಚ್ಚಾಗುತ್ತಿತ್ತು. ಈಗ ಕಾಗದವೂ ಇಲ್ಲ, ಬಣ್ಣವೂ ಇಲ್ಲ, ಹೆಸರು ಉಳಿದಿದೆ. ಚಾರ್ಟರ್ ಶಾಲೆಗೆ (ಸರ್ಕಾರಿ ಹಣದಲ್ಲಿ, ಆದರೆ ಊರಿನ ಶಾಲಾ ಸಮಿತಿಯ ಹೊರಗೆ ನಡೆಯುವ ಶಾಲೆ) ಹೋದ ನಿಮ್ಮ ಊರಿನ ಮಕ್ಕಳ ಶುಲ್ಕ ಕಡಿತವಾಗುವುದೂ ಅದೇ ಪಟ್ಟಿಯಲ್ಲಿ. ಕೌನ್ಸಿಲ್‌ನಲ್ಲಿ ಅದಕ್ಕೆ ಮತವಿಲ್ಲ, ನೇರ ಕಡಿತ.

ವರ್ಜೀನಿಯಾದಿಂದ

ಎಲ್ಲ ರಾಜ್ಯಗಳೂ ಹೀಗೆ ಎಂದುಕೊಳ್ಳಬೇಡಿ. ಈ ದೇಶದಲ್ಲಿ ಹೆಚ್ಚಿನ ಕಡೆ ಶಾಲಾ ಜಿಲ್ಲೆ ತಾನೇ ಒಂದು ಸ್ವತಂತ್ರ ಸರ್ಕಾರ. ತನ್ನ ತೆರಿಗೆಯನ್ನು ತಾನೇ ಹಾಕುತ್ತದೆ, ಕೌನ್ಸಿಲ್‌ಗೆ ಅಲ್ಲಿ ಕೆಲಸವೇ ಇಲ್ಲ. ಟೆಕ್ಸಾಸ್‌ನ ಹೆಚ್ಚಿನ ಜಿಲ್ಲೆಗಳ ಹೆಸರಿನಲ್ಲೇ ‘ಸ್ವತಂತ್ರ’ ಎಂಬ ಪದ ಇರುವುದು ಅದಕ್ಕೆ.

ನಮ್ಮ ವರ್ಜೀನಿಯಾ ಇನ್ನೊಂದು ತುದಿ. ಇಲ್ಲಿ ಯಾವ ಶಾಲಾ ಮಂಡಳಿಗೂ ತೆರಿಗೆ ಹಾಕುವ ಅಧಿಕಾರವಿಲ್ಲ. ಪ್ರತಿಯೊಂದು ಡಾಲರಿಗೂ ನಗರ ಕೌನ್ಸಿಲ್ ಅಥವಾ ಕೌಂಟಿ ಮಂಡಳಿಯ ಮುಂದೆ ಕೈಚಾಚಬೇಕು. ಒಂದು ವ್ಯತ್ಯಾಸವಿದೆ: ನಮ್ಮ ಕೌನ್ಸಿಲ್ ಇಡಿಗಂಟಾಗಿಯೂ ಕೊಡಬಹುದು, ಬೋಧನೆಗೆ ಇಷ್ಟು, ಬಸ್ಸಿಗೆ ಇಷ್ಟು, ಕಟ್ಟಡ ನಿರ್ವಹಣೆಗೆ ಇಷ್ಟು ಎಂದು ದೊಡ್ಡ ದೊಡ್ಡ ವರ್ಗಗಳಾಗಿ ವಿಂಗಡಿಸಿಯೂ ಕೊಡಬಹುದು. ವರ್ಗವಾರು ಕೊಟ್ಟರೆ ಶಾಲಾ ಮಂಡಳಿ ಒಂದರ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ಕೌನ್ಸಿಲ್ ಒಪ್ಪಿಗೆ ಬೇಕು. ಇಬ್ಬರಿಗೂ ಮನಸ್ತಾಪವಿದ್ದ ವರ್ಷ ವರ್ಗವಾರು, ಸ್ನೇಹವಿದ್ದ ವರ್ಷ ಇಡಿಗಂಟು. ಅನುದಾನದ ರೀತಿ ನೋಡಿಯೇ ಅವರ ಸಂಬಂಧ ಹೇಗಿದೆ ಎಂದು ಹೇಳಬಹುದು.

ಆದರೆ ವರ್ಗವಾರು ಕೊಟ್ಟರೂ ‘ಬೋಧನೆ’ ಎಂಬ ವರ್ಗದೊಳಗೆ ಗ್ರಂಥಪಾಲಕಿ ಬೇಕೋ ಬೇಡವೋ ಎಂದು ಹೇಳುವುದು ಶಾಲಾ ಮಂಡಳಿಯೇ. ನಿಮ್ಮ ಗೋಳು ಇಲ್ಲಿಯೂ ತೀರುತ್ತಿರಲಿಲ್ಲ.

ಐದನೇ ಮಹಡಿ

ನ್ಯೂಯಾರ್ಕ್ ನಗರದ ಕಥೆ ಕೇಳಿ. ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳಲ್ಲಿ ಶಾಲಾ ಬಜೆಟ್‌ಗೆ ಜನರೇ ಮೇ ತಿಂಗಳ ಮೂರನೇ ಮಂಗಳವಾರ ಮತ ಹಾಕುತ್ತಾರೆ. ಐದು ದೊಡ್ಡ ನಗರಗಳಿಗೆ (ನ್ಯೂಯಾರ್ಕ್, ಬಫಲೊ, ರಾಚೆಸ್ಟರ್, ಸಿರಕ್ಯೂಸ್, ಯಾಂಕರ್ಸ್) ಆ ಭಾಗ್ಯವಿಲ್ಲ, ಅಲ್ಲಿ ಶಾಲೆಯ ಹಣ ನಗರದ ಬಜೆಟ್‌ನ ಒಂದು ಭಾಗ.

2022ರ ಜೂನ್‌ನಲ್ಲಿ ಇಲ್ಲಿನ ಕೌನ್ಸಿಲ್ ಬಜೆಟ್ ಪಾಸು ಮಾಡಿತು. ಅದರಲ್ಲಿ ಶಾಲೆಗಳಿಗೆ ಕಡಿತ. ಮೇಯರ್ ಕಡೆಯವರು ಕಡಿತ 215 ದಶಲಕ್ಷ ಡಾಲರ್ ಎಂದರು, ನಗರದ ಹಣಕಾಸನ್ನು ಪರಿಶೀಲಿಸುವ ಚುನಾಯಿತ ಅಧಿಕಾರಿ ಕಂಪ್ಟ್ರೋಲರ್ ಲೆಕ್ಕದಲ್ಲಿ ಅದು 469 ದಶಲಕ್ಷ. ಒಂದೇ ಬಜೆಟ್, ಎರಡು ಲೆಕ್ಕ! ಪ್ರಾಂಶುಪಾಲರು ಶಿಕ್ಷಕರನ್ನು ಬಿಡಬೇಕಾಗಿ ಬಂದಾಗ, ಮತ ಹಾಕಿದ ಸದಸ್ಯರಲ್ಲೇ ಕೆಲವರು ತಪ್ಪಾಯಿತು ಎಂದರು. ಶಿಕ್ಷಕರೂ ಪಾಲಕರೂ ಕೋರ್ಟಿಗೆ ಹೋದರು. ಅವರ ವಾದ ಮೊತ್ತದ ಬಗ್ಗೆ ಇರಲಿಲ್ಲ, ಕ್ರಮದ ಬಗ್ಗೆ ಇತ್ತು. ಇಲ್ಲಿ ಶಾಲಾ ಮಂಡಳಿಯ ಜಾಗದಲ್ಲಿರುವ ಶಿಕ್ಷಣ ನೀತಿ ಮಂಡಳಿ ಮೊದಲು ಮತ ಹಾಕಬೇಕು, ಕೌನ್ಸಿಲ್ ಆಮೇಲೆ. ಆ ವರ್ಷ ತಿರುವುಮುರುವಾಗಿತ್ತು. ಆಗಸ್ಟ್‌ನಲ್ಲಿ ನ್ಯಾಯಾಧೀಶರು ಪಾಲಕರ ಪರ ಹೇಳಿದರು. ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಕ್ರಮ ತಪ್ಪಿದ್ದು ಹೌದು, ಆದರೆ ವರ್ಷ ಅರ್ಧ ಕಳೆಯುತ್ತ ಬಂತು, ಬಜೆಟ್ ಹಾಗೆಯೇ ಇರಲಿ ಎಂದಿತು.

ಗೆದ್ದ ಸಮಾಧಾನ ಪಾಲಕರಿಗೆ, ಹಣ ಮಾತ್ರ ಬರಲಿಲ್ಲ. ಯಾರು ಮೊದಲು ಮತ ಹಾಕುತ್ತಾರೆ ಎಂಬುದು ಒಣ ತಾಂತ್ರಿಕ ವಿಷಯ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಬಾಡಿಗೆ ಮನೆ

ನಮ್ಮ ಕರ್ನಾಟಕದ ನಗರಗಳಲ್ಲಿ ಇಂಥ ಮತವನ್ನೇ ನಾನು ಕಂಡಿಲ್ಲ. ಅಲ್ಲಿ ಪಾಲಿಕೆ ಸದಸ್ಯರ ಮುಂದೆ ಶಾಲೆಯ ವಿಷಯ ಬರುತ್ತದೆಯೇ?

ನಿವೃತ್ತ ಮೇಷ್ಟ್ರು

ಚಿಕ್ಕದಾಗಿ ಹೇಳುತ್ತೇನೆ, ಇಲ್ಲದಿದ್ದರೆ ಚರ್ಚೆ ಸಮುದ್ರ ದಾಟಿಬಿಡುತ್ತದೆ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1992ರಲ್ಲಿ ಜೊತೆಯಾಗಿಯೇ ಬಂದವು. ಪಂಚಾಯಿತಿಗಳಿಗೆ ಕೊಟ್ಟ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣ ಎಂದು ಸ್ಪಷ್ಟವಾಗಿದೆ. ನಗರಗಳಿಗೆ ಕೊಟ್ಟ ಹನ್ನೆರಡನೇ ಅನುಸೂಚಿಯಲ್ಲಿ ಇರುವುದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನ. ಶಾಲೆ ಎಂಬ ಪದವೇ ಇಲ್ಲ. ಮುಂಬೈ ಪಾಲಿಕೆಗೆ ಹಳೆಯ ಕಾಲದಿಂದ ಬಂದ ಹೊಣೆಯಿದೆ, ಅವರು ಶಿಕ್ಷಣಕ್ಕೆಂದೇ ಪ್ರತ್ಯೇಕ ಬಜೆಟ್ ಮಂಡಿಸುತ್ತಾರೆ. ದೆಹಲಿಯಲ್ಲಿ ಬಹುಮಟ್ಟಿಗೆ ಐದನೇ ತರಗತಿವರೆಗೆ ಪಾಲಿಕೆ, ಆರರಿಂದ ಸರ್ಕಾರ. ನಮ್ಮಲ್ಲಿ ಮುಖ್ಯವಾಗಿ ರಾಜ್ಯವೇ ನಡೆಸುತ್ತದೆ. ಹಾಗಾಗಿ ಶಾಲೆಗೆ ಹಣ ಸಾಲದೆಂದು ಕೂಗಲು ನಮ್ಮ ಜನ ಪಾಲಿಕೆ ಕಚೇರಿಗೆ ಹೋಗುವುದಿಲ್ಲ. ವಿಧಾನಸೌಧ ದೂರವಾಯಿತೆಂದು ಅಲ್ಲಿಗೂ ಹೋಗುವುದಿಲ್ಲ.

ನಿರ್ವಾಹಕ

ಮೇಷ್ಟ್ರ ಮಾತಿಗೆ ಪ್ರತ್ಯೇಕ ಚರ್ಚೆ ತೆರೆಯೋಣ. ಇಲ್ಲಿ ಮೂಲ ಪ್ರಶ್ನೆಗೆ ಹಿಂತಿರುಗಿ.

ಕಿಟಕಿಯ ಪಕ್ಕ

ಗುಮಾಸ್ತರೇ, ಇನ್ನೆರಡು ಪ್ರಶ್ನೆ. ಈ ವರ್ಷವೇ ಯಾಕೆ ಇಷ್ಟು ಹುದ್ದೆಗಳು ಹೋದವು? ಮತ್ತು ಚಾವಣಿಯನ್ನು ಎತ್ತುವ ದಾರಿಯೇ ಇಲ್ಲವೇ?

ಲೆಕ್ಕದ ಗುಮಾಸ್ತ

ಈ ವರ್ಷವೇ ಯಾಕೆ ಎಂಬುದಕ್ಕೆ ಕಾರಣ ನಿಮ್ಮ ಊರಿನ ಪುಸ್ತಕ ನೋಡಿಯೇ ಹೇಳಬೇಕು, ಆದರೆ ಎಲ್ಲಿ ನೋಡಬೇಕೆಂದು ಹೇಳಬಲ್ಲೆ. ಕೋವಿಡ್ ಸಮಯದಲ್ಲಿ ಕೇಂದ್ರ ಸರ್ಕಾರ ಮೂರು ಕಂತುಗಳಲ್ಲಿ ಶಾಲೆಗಳಿಗೆ ಸುಮಾರು 190 ಶತಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು ಯಾವುದಕ್ಕೆ ಎಂದು ಗೊತ್ತುಮಾಡಲು 2024ರ ಸೆಪ್ಟೆಂಬರ್ 30 ಕೊನೆಯ ದಿನವಾಗಿತ್ತು. ಒಮ್ಮೆ ಬರುವ ಹಣದಿಂದ ಪ್ರತಿ ವರ್ಷ ಸಂಬಳ ಕೊಡಬೇಕಾದ ಹುದ್ದೆ ತುಂಬಬಾರದು ಎಂದು ನಮ್ಮಂಥವರು ಹೇಳುತ್ತಲೇ ಇದ್ದೆವು. ಆಪ್ತಸಲಹೆಗಾರರು ಬೇಕು, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಹಾಯಕರು ಬೇಕು ಎಂದು ಎದುರಿಗೆ ನಿಂತು ಕೇಳಿದಾಗ ಇಲ್ಲ ಎನ್ನುವವರು ಯಾರು? ಹಣ ನಿಂತಿತು, ಜನ ಉಳಿದರು. ಆ ಜನರನ್ನು ಉಳಿಸಿಕೊಳ್ಳಲು ಹಳೆಯ ಹುದ್ದೆಗಳು ಹೋಗಿರಬಹುದು.

ಜೊತೆಗೆ ವಿಶೇಷ ಶಿಕ್ಷಣ. ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಅಗತ್ಯ ಶಿಕ್ಷಣ ಕೊಡಲೇಬೇಕು ಎಂಬ ಕೇಂದ್ರ ಕಾನೂನು 1975ರದ್ದು. ತುಂಬ ಒಳ್ಳೆಯ ಕಾನೂನು. ಹೆಚ್ಚುವರಿ ಖರ್ಚಿಗೆ ನೆರವಾಗಲು ದೇಶದ ಸರಾಸರಿ ತಲಾ ವೆಚ್ಚದ ಶೇ 40ರವರೆಗೆ ಕೊಡುತ್ತೇವೆ ಎಂದು ಆಗ ಮಾತು ಕೊಟ್ಟರು. ಆ ಮಟ್ಟವನ್ನು ಯಾವ ವರ್ಷವೂ ಮುಟ್ಟಿಲ್ಲ. ಊರಿನ ಶಾಲೆಯಲ್ಲಿ ಸಾಧ್ಯವಾಗದ ಮಕ್ಕಳನ್ನು ಖಾಸಗಿ ವಿಶೇಷ ಶಾಲೆಗೆ ಕಳುಹಿಸಿದರೆ ಆ ಶುಲ್ಕ ನಿರ್ಧರಿಸುವುದು ರಾಜ್ಯ. 2024ರ ಆರ್ಥಿಕ ವರ್ಷಕ್ಕೆ ಒಮ್ಮೆಗೇ ಶೇ 14 ಏರಿಕೆಗೆ ಅನುಮತಿ ಸಿಕ್ಕಿತ್ತು. ಎರಡೂವರೆಯ ಚಾವಣಿಯ ಕೆಳಗೆ ಹದಿನಾಲ್ಕು! ಇದನ್ನು ಹೇಳುವಾಗ ಎಚ್ಚರಿಕೆ ಬೇಕು. ಸಭೆಯಲ್ಲಿ ಯಾರಾದರೂ ಎದ್ದು, ಆ ಮಕ್ಕಳಿಂದಲೇ ನಮ್ಮ ಮಕ್ಕಳಿಗೆ ಇಲ್ಲವಾಯಿತು ಎಂದುಬಿಡುತ್ತಾರೆ. ಆ ಮಗುವಿನ ತಾಯಿ ಮೂರನೇ ಸಾಲಿನಲ್ಲಿ ಕುಳಿತಿರುತ್ತಾಳೆ. ನಾನು ನೋಡಿದ್ದೇನೆ.

ಚಾವಣಿ ಎತ್ತುವ ದಾರಿ ಇದೆ. ಅದಕ್ಕೆ ಓವರ್‌ರೈಡ್ ಎನ್ನುತ್ತಾರೆ. ಕೌನ್ಸಿಲ್ ಬಹುಮತದಿಂದ ಒಪ್ಪಿ ಪ್ರಶ್ನೆಯನ್ನು ಮತಪತ್ರಕ್ಕೆ ಹಾಕಬೇಕು, ಜನ ಬಹುಮತದಿಂದ ಗೆಲ್ಲಿಸಬೇಕು. ಗೆದ್ದರೆ ತೆರಿಗೆ ಮಿತಿ ಅಷ್ಟು ಮೊತ್ತದಷ್ಟು ಶಾಶ್ವತವಾಗಿ ಮೇಲೇರುತ್ತದೆ. ಹೊಸ ಶಾಲೆ ಕಟ್ಟುವ ಸಾಲಕ್ಕಾದರೆ ಬೇರೆ ರೀತಿಯ ಮತವಿದೆ, ಸಾಲ ತೀರುವವರೆಗೆ ಮಾತ್ರ ಹೆಚ್ಚುವರಿ ತೆರಿಗೆ. ಜನ ಕಟ್ಟಡಕ್ಕೆ ಹೌದು ಎನ್ನುತ್ತಾರೆ, ಒಳಗೆ ಪಾಠ ಮಾಡುವವರಿಗೆ ಇಲ್ಲ ಎನ್ನುತ್ತಾರೆ. ಕಟ್ಟಡಕ್ಕೆ ಉದ್ಘಾಟನೆಯ ಫಲಕವಿರುತ್ತದೆ, ಸಂಬಳಕ್ಕೆ ಇರುವುದಿಲ್ಲ. ಅದೊಂದೇ ಕಾರಣವೋ ಏನೋ.

ತೆರಿಗೆ ಕಟ್ಟುವವನು

ಓವರ್‌ರೈಡ್ ಬಂದರೆ ನಾನು ವಿರೋಧವಾಗಿಯೇ ಮತ ಹಾಕುತ್ತೇನೆ, ಮುಚ್ಚಿಡುವುದಿಲ್ಲ. ನನ್ನ ಪಕ್ಕದ ಮನೆಯ ಅಜ್ಜಿ ಪಿಂಚಣಿಯಲ್ಲಿ ಬದುಕುತ್ತಾರೆ. ಅವರ ಮನೆಯ ಬೆಲೆ ಕಾಗದದ ಮೇಲೆ ಮೂರು ಪಟ್ಟಾಗಿದೆ, ಕೈಗೆ ಬರುವ ಹಣ ಅಷ್ಟೇ ಇದೆ. ಶಾಶ್ವತ ಏರಿಕೆ ಎಂದರೆ ಅವರ ಪಾಲಿಗೆ ಮನೆ ಮಾರು ಎಂದರ್ಥ. ಆದರೆ ಗುಮಾಸ್ತರ 0.35ರ ಲೆಕ್ಕ ನನಗೆ ಹೊಸದು. ಮಕ್ಕಳು ಕಡಿಮೆಯಾದರೂ ಖರ್ಚು ಯಾಕೆ ಇಳಿಯುವುದಿಲ್ಲ ಎಂದು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಸಭೆಗಳಲ್ಲಿ ‘ಮಕ್ಕಳ ಭವಿಷ್ಯ’ ಎನ್ನುವ ಬದಲು ಇದನ್ನು ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

ವರ್ಜೀನಿಯಾದಿಂದ

ಒಂದು ಸಣ್ಣ ಸೂಚನೆ. ಶಾಲೆಯ ಖರ್ಚೆಲ್ಲ ಶಾಲೆಯ ಬಜೆಟ್‌ನಲ್ಲೇ ಇರುತ್ತದೆ ಎಂದುಕೊಂಡು ಊರೂರನ್ನು ಹೋಲಿಸಬೇಡಿ. ಕೆಲವು ಕಡೆ ಶಿಕ್ಷಕರ ವಿಮೆ ನಗರದ ಪುಸ್ತಕದಲ್ಲಿರುತ್ತದೆ, ಕೆಲವು ಕಡೆ ಆಟದ ಮೈದಾನ ಉದ್ಯಾನ ಇಲಾಖೆಯದು.

ಲೆಕ್ಕದ ಗುಮಾಸ್ತ

ಸರಿಯಾದ ಮಾತು. ಇಲ್ಲಿಯೂ ನಗರ ತನ್ನ ಪುಸ್ತಕದಿಂದ ಶಾಲೆಗಾಗಿ ಮಾಡಿದ ಖರ್ಚನ್ನು ರಾಜ್ಯ ನಿಗದಿಪಡಿಸಿದ ಕನಿಷ್ಠ ವೆಚ್ಚದ ಲೆಕ್ಕಕ್ಕೆ ಸೇರಿಸಬಹುದು. ಆದರೆ ಮಕ್ಕಳ ಬಸ್ಸಿನ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ಎಷ್ಟು ಸೇರಿಸಬೇಕು ಎಂದು ನಗರವೂ ಶಾಲೆಯೂ ಪ್ರತಿ ವರ್ಷ ಕಿತ್ತಾಡುತ್ತವೆ. ಆ ಜಗಳಕ್ಕೆ ಮಾತ್ರ ಪ್ರೇಕ್ಷಕರೇ ಇರುವುದಿಲ್ಲ.

ಕಿಟಕಿಯ ಪಕ್ಕ (ಏಳು ತಿಂಗಳ ನಂತರ)

ಈ ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ. ಜನವರಿಯ ಶಾಲಾ ಸಮಿತಿ ಬಜೆಟ್ ಸಭೆಗೆ ಹೋಗಿದ್ದೆ. ನೋಡಲು ಬಂದವರು ನಾನೂ ಸೇರಿ ನಾಲ್ವರು, ಅದರಲ್ಲಿ ಒಬ್ಬರು ಪತ್ರಿಕೆಯವರು. ಎರಡು ನಿಮಿಷದ ಮಿತಿಯೂ ಇರಲಿಲ್ಲ, ಸೂಪರಿಂಟೆಂಡೆಂಟ್ ನನ್ನ ಪಕ್ಕದ ಕುರ್ಚಿಗೇ ಬಂದು ಪುಟ ತೆರೆದು ತೋರಿಸಿದರು. ಗ್ರಂಥಪಾಲಕಿ ಬೇರೆ ಊರಿನ ಶಾಲೆ ಸೇರಿ ಆಯಿತು, ಅವರು ಮರಳುವುದಿಲ್ಲ. ಶಾಲೆಯ ಗ್ರಂಥಾಲಯಕ್ಕೆ ಈಗ ವಾರಕ್ಕೆರಡು ದಿನ ಪಾಲಕರೇ ಬೀಗ ತೆಗೆಯುತ್ತೇವೆ.

ಗುಮಾಸ್ತರೇ, ಹೊಸ ಕರಡಿನ ಸಿಬ್ಬಂದಿ ಪಟ್ಟಿಯಲ್ಲಿ ಗ್ರಂಥಪಾಲಕರು ಎಂಬ ಸಾಲಿನ ಮುಂದೆ 0.5 ಎಂದಿದೆ. ಅದರ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಇದೆ, ಕೆಳಗೆ ವಿವರಣೆಯಿಲ್ಲ. ಅದರ ಅರ್ಥವೇನು?

ಲೆಕ್ಕದ ಗುಮಾಸ್ತ

ಅರ್ಧ ಹುದ್ದೆ, ಅದೂ ಹೊರಗಿನ ಅನುದಾನ ಬಂದರೆ ಮಾತ್ರ ಎಂದಿರಬಹುದು. ಯಾವ ಅನುದಾನ, ಎಷ್ಟು ವರ್ಷಕ್ಕೆ ಎಂದು ಕೇಳಿ. ಮಾರ್ಚ್‌ಗೆ ಮುಂಚೆ ಕೇಳಿ. ಲಿಖಿತವಾಗಿ ಕೇಳಿ.